ಅಳತೆ ಪುಸ್ತಕ

ರೂವಿಯ ಹಿಂದಿನ ಗಲ್ಲಿ, ಟೈರ್ ಅಂಗಡಿಯ ಮೇಲಿನ ಮಹಡಿ,
ತಿಂಗಳಿಗೆ ಎಂಟು ರಿಯಾಲ್.
ಇಶಾ ನಮಾಜು ಮುಗಿದ ಮೇಲೆ ಮೆಟ್ಟಿಲ ತುಂಬ ಚಪ್ಪಲಿ.
ಎ.ಸಿ. ಇದೆ; ಹನಿ ಬಕೀಟಿಗೆ, ಸದ್ದು ನಮಗೆ, ತಂಪು ಯಾರಿಗೋ.
ಗೋಡೆಗೆ ಒಂದು ಪಟ: ಹೆಸರಿಲ್ಲದ ಗಂಡಸು,
ಚರ್ಮ ಸುಲಿದ ಕೆಂಪು ಸ್ನಾಯು,
ಅವನ ಕಾಲ ಕೆಳಗೆ ವಾರದ ಪಾಠ.
ಭಾನುವಾರ ಎದೆ, ಸೋಮವಾರ ಬೆನ್ನು.
ಎಲ್ಲರಿಗೂ ಅದೇ. ಕೊಕ್ಕರೆಗೂ ಅದೇ, ಆಮೆಗೂ ಅದೇ.

ನಾನು ದರ್ಜಿ. ಇಪ್ಪತ್ತೆರಡು ವರ್ಷ ದಿಶ್ದಾಶಾ ಹೊಲಿದವನು.
ಕೊರಳಿಂದ ಇಳಿಯುವ ಗೊಂಡೆಯನ್ನು ಕಣ್ಣು ಮುಚ್ಚಿ ಕಟ್ಟಬಲ್ಲೆ.
ಡಾಕ್ಟರು ಸಕ್ಕರೆ ಅಂದ. ಕೂತು ಕೂತೇ ಸಾಯ್ತೀಯ ಅಂದ.
ಹಾಗಾಗಿ ಇಲ್ಲಿ, ಬೆಂಚಿನ ಮೇಲೆ ಅಂಗಾತ.
ಆರು ತಿಂಗಳಿಂದ ಅದೇ ನಲವತ್ತು ಕಿಲೋ
ಬಡ್ಡಿಗೆ ಬಂದ ಸಾವಕಾರನಂತೆ ಎದೆಯ ಮೇಲೆ ಕೂತಿದೆ.

ಪಕ್ಕದಲ್ಲಿ ಹಿಲಾಲ್, ಮತ್ರಹದ ಮೀನು ಹರಾಜಿನ ಹುಡುಗ,
ಗಿಡ್ಡ, ಡ್ರಮ್ಮಿನಂಥ ಎದೆ,
ಮೊಣಕೈ ಮಡಿಸುವಷ್ಟರಲ್ಲಿ ಅವನ ದಾರಿ ಮುಗಿಯುತ್ತದೆ.
ತೊಂಬತ್ತನ್ನು ಎತ್ತಿ, ಇಟ್ಟು, ಫೋನು ನೋಡುತ್ತಾನೆ.
"ನೋಡಿ ಕಲೀರಿ ಮಾಸ್ಟರ್" ಎನ್ನುತ್ತಾನೆ ಟ್ರೇನರ್ ಷಿನೋಜ್.
ನೋಡಿದೆ. ನೋಡುವುದೇ ನನ್ನ ಕಸುಬು.
ಹಿಲಾಲನ ತೋಳು ಇಪ್ಪತ್ತೆರಡೂವರೆ,
ಹೋದ ಈದ್‌ಗೆ ನಾನೇ ಅಳೆದದ್ದು.
ನನ್ನದು?

ಗೊತ್ತಿರಲಿಲ್ಲ.
ಸಾವಿರಾರು ಮೈಗಳ ಲೆಕ್ಕ ಇಟ್ಟವನ ಹತ್ತಿರ
ತನ್ನ ಮೈಯ ಲೆಕ್ಕ ಇರಲಿಲ್ಲ.
ಉಳಿದ ತುಂಡಿನಲ್ಲಿ ಅಂದಾಜಿಗೆ ಹೊಲಿದು ತೊಟ್ಟುಕೊಂಡವನು.

ಶುಕ್ರವಾರ ಷಿನೋಜ್ ಅಂಗಡಿಗೆ ಬಂದ. ನಿಶ್ಚಿತಾರ್ಥಕ್ಕೆ ಕೋಟು.
"ಮಾಲಿನಲ್ಲಿ ನಾಲ್ಕು ರೆಡಿಮೇಡ್ ಹಾಕಿ ನೋಡಿದೆ,
ಭುಜಕ್ಕೆ ಸರಿಯಾದರೆ ಸೊಂಟ ಗುಡಾರ,
ಸೊಂಟಕ್ಕೆ ಸರಿಯಾದರೆ ತೋಳೇ ಒಳಗೆ ಹೋಗಲ್ಲ,
ಯಾರ ಮೈ ನೋಡಿ ಕತ್ತರಿಸ್ತಾರೋ ಈ ಕಂಪನಿಯವರು!"
ಟೇಪು ಬಿಡಿಸುತ್ತ ಅಂದೆ,
"ನಿನ್ನ ಗೋಡೆ ಮೇಲಿದ್ದಾನಲ್ಲ, ಅವನ ಮೈ ನೋಡಿ."

ಸುಮ್ಮನಾದ.
ಅವನ ಎಡಭುಜ ಅರ್ಧ ಇಂಚು ಕೆಳಗಿತ್ತು.
ಹೇಳಲಿಲ್ಲ. ಪ್ಯಾಡು ದಪ್ಪ ಎಂದು ಬರೆದುಕೊಂಡೆ.
ದರ್ಜಿ ಹೇಳಬಾರದವು ಕೆಲವಿರುತ್ತವೆ.

ಆಮೇಲೆ ಅವನೇ ಟೇಪು ಕಿತ್ತುಕೊಂಡು
ನನ್ನನ್ನು ನಿಲ್ಲಿಸಿ ಅಳೆದ, ಒರಟಾಗಿ, ಉಲ್ಟಾ ಹಿಡಿದು.
ತೋಳು ಇಪ್ಪತ್ತೇಳು. ತೊಡೆ ಉದ್ದ, ಮುಂಡ ಮೋಟು.
"ಅಯ್ಯೋ ಮಾಸ್ಟರೇ, ನಿಮ್ಮದು ಬೆಂಚಿನ ಮೈಯೇ ಅಲ್ಲ.
ನೀವು ನೆಲದಿಂದ ಎತ್ತಬೇಕಾದವರು."

ಆ ರಾತ್ರಿ ಸಲಾಕೆ ನೆಲದ ಮೇಲಿತ್ತು.
ಬಾಗಿದ್ದು ಕೊಂಚ; ಕೈ ತಾನೇ ಹೋಗಿ ಮುಟ್ಟಿತು,
ಮೆಷಿನ್ನಿನ ಕೆಳಗೆ ಬಿದ್ದ ಗುಂಡಿ ಹೆಕ್ಕುವಷ್ಟು ಸಲೀಸಾಗಿ.
ಐವತ್ತು. ಅರವತ್ತು.
ಮೂರನೇ ತಿಂಗಳು ತೊಂಬತ್ತೈದು.
ಹಿಲಾಲ್ ಫೋನು ಕೆಳಗಿಟ್ಟ.
ತಾನೂ ಎತ್ತಲು ಬಂದ. ಮೋಟು ಕೈ, ನೆಲದವರೆಗೆ ಇಳಿಯುವಷ್ಟರಲ್ಲಿ
ಬೆನ್ನು ಬಿಲ್ಲಾಯಿತು. ಬೇಡ ಮಗಾ ಎಂದೆ.
ಒಳಗೊಳಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಸಕ್ಕರೆ ಇಳಿಯಿತೆ? ಸ್ವಲ್ಪ.
ಬೆಳಿಗ್ಗೆ ಸೊಂಟ ಹಿಡಿಯುತ್ತದೆ. ಐವತ್ತಮೂರರ ಮೈ
ಆಗ ತಾನೇ ಬಿಚ್ಚಿದ ಥಾನಲ್ಲ,
ಒಗೆದು ಒಗೆದು ಎಳೆ ಸವೆದ ಕಡೆ ಜಗ್ಗಬಾರದು.
ಗೋಡೆಯ ಗಂಡಸು ಇನ್ನೂ ಅಲ್ಲೇ ಇದ್ದಾನೆ.
ಅವನ ಕಾಲ ಕೆಳಗಿನ ವಾರವನ್ನಷ್ಟೇ ಷಿನೋಜ್ ಕತ್ತರಿಸಿ ತೆಗೆದಿದ್ದಾನೆ,
ನನ್ನ ಕತ್ತರಿಯಿಂದ, ಸೊಟ್ಟಗೆ.

ನಿನ್ನೆ ಬಾಗಿಲು ಎಳೆಯುವ ಮುಂಚೆ ಪುಸ್ತಕ ತೆರೆದು
ಹಿಲಾಲನ ಹೆಸರಿನ ಕೆಳಗೆ ಬರೆದೆ: ತುಳಜಪ್ಪ.
ತೋಳು, ತೊಡೆ, ಮುಂಡ, ಕೊರಳು.
ಡೆಲಿವರಿ ತಾರೀಖು ಎಂಬಲ್ಲಿ ಒಂದು ಗೀಟು.
ಬೆಳೆಯುವ ಹುಡುಗರ ಅಳತೆಯ ಪಕ್ಕ ಬರೆಯುವ ಮಾತನ್ನೇ
ನನ್ನ ಪಕ್ಕವೂ ಬರೆದೆ:
ಒಳಹೊಲಿಗೆಯಲ್ಲಿ ಒಂದಿಂಚು ಬಿಡುವುದು.