ಬಿಚ್ಚಿದ ಹೊಲಿಗೆ

ಬಳ್ಳಾರಿ, ಕೌಲ್ ಬಜಾರಿನ ಒಂದು ಓಣಿ.
ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವುದು ನನ್ನ ಕೆಲಸ,
ನೂರಕ್ಕೆ ಇಷ್ಟು ಅಂತ ಲೆಕ್ಕ.
ಕತ್ತರಿ ಮೊಂಡಾದರೆ ಹಲ್ಲು ಇವೆ.
ಸಂಜೆಗೆ ತುಟಿ ನೀಲಿ, ಉಗುಳು ನೀಲಿ.
ಬಾಯಿ ತೊಳೆದು, ಸೆರಗು ಕೊಡವಿ,
ಶುಕ್ರವಾರದ ಕೂಟಕ್ಕೆ ಓಡುತ್ತಿದ್ದೆ.

ಎಸ್ತೇರಮ್ಮನ ಪಡಸಾಲೆಯಲ್ಲಿ ಚಾಪೆ. ಫ್ಯಾನಿನದೂ ಬಿಸಿಗಾಳಿ.
ಎರಡು ಹಾಡಾದ ಮೇಲೆ ಅಯ್ಯನವರು ಕೇಳುತ್ತಾರೆ:
ಪ್ರಾರ್ಥನೆಗೆ ಯಾರದೇನಾದರೂ ವಿಷಯ?
ಒಬ್ಬರದು ಮೊಣಕಾಲು, ಒಬ್ಬರದು ಮಗನ ಪರೀಕ್ಷೆ,
ವಾಷಿಂಗ್ ಯೂನಿಟ್ಟಿನವರು ತಡೆಹಿಡಿದ ಪಗಾರ.
ನನ್ನ ಸರದಿ ಬಂದಾಗ ನನ್ನ ಹತ್ತಿರ ಏನೂ ಇರಲಿಲ್ಲ.
ಅಷ್ಟು ಜನರ ನಡುವೆ ಖಾಲಿ ಕೈಲಿ ಹೇಗೆ ಕೂರುವುದು?
ಅಂದೆ: ನಮ್ಮ ಕೃಪಾವತಿ ಮಗಳು ಸಲೋಮಿಗೆ
ಆದೋನಿ ಸಂಬಂಧ ಕೂಡಿಬಂದೈತೆ,
ಪ್ರಾರ್ಥನೆ ಮಾಡ್ರಿ...
ಅಲ್ಲಿಗೇ ನಿಲ್ಲಿಸಬಹುದಿತ್ತು.
ಗೆರೆ ನನಗೆ ಕಂಡಿತ್ತು. ದಾಟುವಾಗಲೂ ಕಂಡಿತ್ತು.
...ಚಿಕ್ಕಂದಿನ ಮೂರ್ಛೆ ಮತ್ತೆ ಬರದಂಗೆ.

ಹತ್ತು ಹೆಂಗಸರು ಅಯ್ಯೋ ಅಂದರು, ಆಮೇಲೆ ಆಮೆನ್ ಅಂದರು.
ಎರಡರಲ್ಲಿ ಮೊದಲನೆಯದೇ ಜೋರಾಗಿತ್ತು.
ಆಗ ನನ್ನ ಬಾಯೊಳಗೆ ಬೆಲ್ಲದಂಥದ್ದೇನೋ ಕರಗಿತು.
ಇದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಆದೋನಿಯೇನು ದೂರವಲ್ಲ.
ಮಾತು ಟಿಕೀಟು ತೆಗೆಸದೆ ಹೋಯಿತು.
ಹನ್ನೊಂದನೇ ದಿನ ಗಂಡಿನ ಕಡೆಯವರು
ತಟ್ಟೆಯಲ್ಲಿಟ್ಟು ಕೊಟ್ಟ ಸೀರೆ ವಾಪಸ್ ಕೇಳಿದರು.

ನಾನು ಸುಳ್ಳಾಡಿರಲಿಲ್ಲ. ಅದನ್ನೇ ಕೊಡೆಯಂತೆ ಹಿಡಿದು
ಒಂದು ತಿಂಗಳು ಓಡಾಡಿದೆ.
ಸುಳ್ಳು ಪಾಪವೆಂದು ಸಂಡೇ ಸ್ಕೂಲಿನಲ್ಲೇ ಕಲಿತವಳು;
ನಿಜವೂ ಕಳವಿನ ಮಾಲಾದೀತೆಂದು
ಯಾರೂ ಹೇಳಿಕೊಡಲಿಲ್ಲ.
ಹೇಳಿದ್ದರೋ ಏನೋ,
ಆಗ ಪಕ್ಕದವಳ ಜೊತೆ ಮಾತಾಡುತ್ತಿದ್ದೆನೇನೋ.

ರಾತ್ರಿ ಎರಡಕ್ಕೆ ನಲ್ಲಿ ಬಿಟ್ಟಾಗ,
ಕೊಡ ತುಂಬುವ ಸದ್ದಿನ ಮರೆಯಲ್ಲಿ
ಕೃಪಾವತಿ ಅದನ್ನು ನನ್ನ ಕಿವಿಗೆ ಹಾಕಿದ್ದಳು.
ನಿಂಗೊಬ್ಬಳಿಗೇ ಅಂದಿದ್ದಳು.
ಹಣವಾಗಿದ್ದರೆ ಎಣಿಸಿ ಇಡುತ್ತಿದ್ದೆ.

ತಿಂಗಳ ಮೊದಲ ಭಾನುವಾರ
ಅಂಗೈ ಮೇಲೆ ರೊಟ್ಟಿಯ ತುಣುಕು, ಉಗುರಿನಷ್ಟು.
ಇಡಬೇಕಾದ್ದು ಅದೇ ನಾಲಿಗೆಯ ಮೇಲೆ.
ಬೇರೆ ನಾಲಿಗೆ ಎಲ್ಲಿಂದ ತರಲಿ?
ಹಿಂದೆ ಸಾಲು ಕಾಯುತ್ತಿತ್ತು.
ಮುಂದಿನ ಬೆಂಚು, ಕೃಪಾವತಿಯ ಜಾಗ, ಖಾಲಿ.

ಸೋಮವಾರ ಮೇಸ್ತ್ರಿ ಒಂದು ಪ್ಯಾಂಟು ಎಸೆದ:
ಜೇಬು ಸೊಟ್ಟ, ಬಿಚ್ಚು.
ತೊಳೆದು ಬಂದ ಬಟ್ಟೆ. ಬಿಚ್ಚಿದೆ. ದಾರವೆಲ್ಲ ಬಂತು,
ತೂತುಗಳು ಬರಲಿಲ್ಲ.
ಸುತ್ತ ಬಣ್ಣ ಮಾಸಿತ್ತು, ಹೊಲಿಗೆ ಇದ್ದ ಗೆರೆ ಮಾತ್ರ
ಮೊದಲ ದಿನದ ಕಡುನೀಲಿ.
ಬೆಳಕಿಗೆ ಹಿಡಿದು ನೋಡಿದೆ. ಪ್ಯಾಂಟು ಮಡಚಿಟ್ಟು
ರಜೆಯನ್ನೂ ಕೇಳದೆ ಎದ್ದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು
ಅವಳ ಹೊಸಿಲು ಕಾಣುತ್ತಲೇ ಒಣಗಿತು.
ಅದು ನಿಂದು, ನಾನು ಕೊಟ್ಟುಬಿಟ್ಟೆ, ಅಂದೆ.
ಅಷ್ಟೇ ಬಂತು.
ಕೃಪಾವತಿ ಅಕ್ಕಿ ಆರಿಸುತ್ತಲೇ ಇದ್ದಳು.
ಒಂದು ಕಲ್ಲು. ಇನ್ನೊಂದು ಕಲ್ಲು.
ದೊಡ್ಡಾಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಸಲೋಮಿ
ಎದ್ದು ಬಂದು ಬಾಗಿಲಿಗೆ ಒರಗಿದಳು:
ಆಂಟಿ, ಇನ್ನು ಮುಂದೆ ದೇವರಿಗೆ ನನ್ನ ಹೆಸರು ಹೇಳೋದಾದ್ರೆ
ಮೆಲ್ಲಗೆ ಹೇಳ್ರಿ. ಆತಗೆ ಕಿವಿ ಕೇಳಿಸ್ತೈತೆ.

ನಕ್ಕಳೋ ಇಲ್ಲವೋ, ಇವತ್ತಿಗೂ ತಿಳಿಯದು.
ಅವರು ಈಗ ಬೇರೆ ಸಭೆಗೆ ಹೋಗುತ್ತಾರೆ.

ಶುಕ್ರವಾರ ಅಯ್ಯನವರು ನನ್ನ ಕಡೆ ತಿರುಗಿದಾಗ
ಐತ್ರಿ, ಒಂದು ಐತೆ, ಅನ್ನುತ್ತೇನೆ.
ಏನು, ಅನ್ನುತ್ತಾರೆ. ಹತ್ತು ತಲೆ ಹತ್ತಿರ ಬಾಗುತ್ತವೆ.
ಫ್ಯಾನು ತಿರುಗುತ್ತದೆ.
ಹಲ್ಲಿನ ಸಂದಿಗೆ ಸಿಕ್ಕ ನೀಲಿ ಎಳೆಯೊಂದನ್ನು
ನಾಲಿಗೆಯ ತುದಿಯಲ್ಲಿ ತಡವುತ್ತ
ಕಣ್ಣು ಮುಚ್ಚುತ್ತೇನೆ.