ಚುಕ್ಕೆಯಿಲ್ಲದ ಹೆಸರು

ಬೆಳಗಿನ ಎಂಟು. ಕಿಟಕಿಯಲ್ಲಿನ್ನೂ ನಡುರಾತ್ರಿಯ ಬಣ್ಣ.
ಬೊಲುಂಗಾರ್ವಿಕ್ ಬಂದರಿನ ಮೀನು ಕಂಪನಿಯಲ್ಲಿ
ಬಿಲ್ಲು ಬರೆಯುವ ಯಂತ್ರಕ್ಕೆ ತಕ್ಕಡಿ ಸಿಗುತ್ತಿಲ್ಲ.
ತಕ್ಕಡಿಯ ಕಂಪ್ಯೂಟರು ಶುಕ್ರವಾರವಷ್ಟೇ ಬಂದದ್ದು, ಹೊಸದು.
ಸ್ಟೇನ್ವೋರ್ ನನ್ನ ಮೇಜಿನ ಮುಂದೆ, ತೊಟ್ಟಿಕ್ಕುವ ಬೂಟಿನಲ್ಲೇ:
"ಬೊಗ್ನಾ, ಮೀನು ನಿನಗಾಗಿ ಕಾಯುವುದಿಲ್ಲ."

ಮೊದಲು ಕೇಬಲ್ಲು. ಯಾವಾಗಲೂ ಮೊದಲು ಕೇಬಲ್ಲು.
ನೆಟ್ಟಗಿದೆ, ಹಸಿರು ದೀಪ ಕಣ್ಣು ಮಿಟುಕಿಸುತ್ತಿದೆ.
ಅಂಕಿ ಹಿಡಿದು ಕರೆದೆ,
ಒಂದು ಮಿಲಿಸೆಕೆಂಡಿನಲ್ಲಿ ಓ ಎಂದಿತು.
ಹೆಸರು ಹಿಡಿದು ಕರೆದೆ.
ಅಂಥವರು ಇಲ್ಲಿ ಯಾರೂ ಇಲ್ಲ.

ವಿಳಾಸವಿದೆ, ಉಸಿರಿದೆ,
ಹೇಳಹೆಸರಿಲ್ಲ.

ತಕ್ಕಡಿಯ ಹತ್ತಿರ ಹೋಗಿ, ಮಂಜುಗಡ್ಡೆ ಪೆಟ್ಟಿಗೆಯ ಮೇಲೆ ಕೂತು
ನೋಂದಾಯಿಸಿಕೋ ಎಂದು ಆಜ್ಞೆ ಕೊಟ್ಟೆ.
ದೋಷಗಳಿದ್ದಲ್ಲಿ ಹದಿನೈದು ನಿಮಿಷದೊಳಗೆ ದಾಖಲಾಗುವುವು, ಎಂದಿತು.
ಗ್ದಾನ್ಸ್ಕ್‌ನಿಂದ ಬಂದ ವರ್ಷ, ವಲಸೆ ಕಚೇರಿಯ ಗಾಜಿನ ಹಿಂದಿನವರು
ಇದೇ ದನಿಯಲ್ಲಿ ಮಾತಾಡುತ್ತಿದ್ದರು.
ಕಾದೆ. ದಾಖಲಾಯಿತು. ದೋಷವೇ.

ಹೆಸರುಗಳ ಪಟ್ಟಿ ತೆರೆದೆ. ಇಲ್ಲಿ ಯಂತ್ರಗಳಿಗೆಲ್ಲ ಮೀನಿನ ಹೆಸರು.
ಥೋರ್ಸ್ಕುರ್, ಲಂಗಾ, ಸತ್ತುಹೋದ ಪ್ರಿಂಟರು ಕಾರ್ವಿ.
ಈಸಾ ಅಂದರೆ ಥೋರ್ಗಿಲ್ಸನ ಲ್ಯಾಪ್‌ಟಾಪು,
ಅವನು ಅಕುರೇರಿಗೆ ಹೋಗಿ ನಾಲ್ಕು ವರ್ಷ,
ಅದರ ಅಂಕಿ ಈಗ ಕ್ಯಾಂಟೀನಿನ ಟೀವಿಯದು.
ಥೋರ್ಗಿಲ್ಸನ ಲೆಕ್ಕ ಹುಡುಕಿ ಹೊರಟವರು
ಇವತ್ತಿನ ಊಟದ ಪಟ್ಟಿಗೆ ಹೋಗಿ ಬೀಳುತ್ತಾರೆ.

ಎಲ್ಲವೂ ಕೈಯಿಂದ ಬರೆದವು. ಒಂದೂ ತಾನಾಗಿ ಬಂದದ್ದಲ್ಲ.
ಆಗ ಕಣ್ಣಿಗೆ ಬಿತ್ತು, ಎಲ್ಲದರ ತಲೆಯ ಮೇಲಿನ ಹೆಸರು:
ಫಿಸ್ಕುರ್.
ಅಷ್ಟೇ. ಮುಂದೆ ಚುಕ್ಕೆಯಿಲ್ಲ, ಚುಕ್ಕೆಯಾಚೆ ಯಾರೂ ಇಲ್ಲ.

ಮೇಲೆ ಯಾರೂ ಇಲ್ಲದ ಹೆಸರು ಕಂಡರೆ ಯಂತ್ರಗಳು
ಇದು ಲೋಕದ ಬೇರಿನ ಪಕ್ಕದ್ದೇ ಇರಬೇಕು, ನಮ್ಮಂಥವರಿಗಲ್ಲ, ಎಂದು
ಬಾಗಿಲು ಬಡಿಯದೆಯೇ ಹಿಂದಿರುಗುತ್ತವೆ.

ಹೆಸರಿಟ್ಟವನಿಗೆ ಫೋನು ಮಾಡಿದೆ. ಏವಿಂದುರ್ ಈಗ ದೀರಾಫ್ಯೋರ್ದುರಿನಲ್ಲಿ
ಐಡರ್ ಬಾತಿನ ತುಪ್ಪಳದಿಂದ ಕಸ ಹೆಕ್ಕುತ್ತಾನೆ.
"ತೊಂಬತ್ತೊಂಬತ್ತರಲ್ಲಿ ಏಳೇ ಯಂತ್ರ, ಹುಡುಗಿ.
ಏಳು ಜನರ ಮನೆಯಲ್ಲಿ ಯಾರಾದರೂ ಪೂರ್ತಿ ಹೆಸರು ಕೂಗುತ್ತಾರೆಯೇ?"

ಈ ದೇಶದಲ್ಲಿ ಕೂಗಲು ಒಂದು ಹೆಸರು ಸಾಕು,
ಬರೆಯುವಾಗ ಮಾತ್ರ ಅದರ ಹಿಂದೊಬ್ಬ ಅಪ್ಪ ನಿಲ್ಲಬೇಕು.
ಸ್ವಾಲಾ ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯ ಅರ್ಜಿಯಲ್ಲಿ
ನರ್ಸಿನ ಪೆನ್ನು ಎರಡನೆಯ ಗೆರೆಯ ಮೇಲೆ ನಿಂತಿತು.
ನಾನೇ ಇಸಿದುಕೊಂಡು ಬರೆದೆ: ಬೊಗ್ನಾದೋತ್ತಿರ್.
ಅವಳು ಮುಖ ನೋಡಲಿಲ್ಲ, ವ್ಯಾಕರಣ ನೋಡಿದಳು:
"ಬೊಗ್ನಾ ಅಲ್ಲ, ಬೊಗ್ನು. ಬೊಗ್ನುದೋತ್ತಿರ್."
ಒಂದು ಸ್ವರ ತಿದ್ದಿ, ಮೊಹರು ಒತ್ತಿದಳು.

ಇಡೀ ವಲಯದ ಹೆಸರು ಬದಲಿಸಲು
ಮೂರು ರಾತ್ರಿ ಬೇಕು, ಮಾಲೀಕರ ಸಹಿ ಬೇಕು.
ಸದ್ಯಕ್ಕೆ ನೀತಿಯಲ್ಲೊಂದು ಗುಬ್ಬಿ ತಿರುಗಿಸಿದೆ:
ಮೇಲ್ಮಟ್ಟದ್ದಾದರೂ ಸರಿ, ಹೋಗಿ ಬರೆಸಿಕೊಳ್ಳಿ.
ತಕ್ಕಡಿಯನ್ನು ಆರಿಸಿ ಹೊತ್ತಿಸಿದೆ.

ಪಟ್ಟಿಯ ಕೊನೆಯಲ್ಲಿ ತಾನಾಗಿ ಮೂಡಿತು: ಲೂಧಾ.
ಮೊದಲ ತೂಕ ನಾನೂರ ಹನ್ನೆರಡು ಕಿಲೋ.
ಸ್ಟೇನ್ವೋರ್ ಏನೂ ಹೇಳದೆ ಹೋದಳು,
ಅವಳು ನಿಂತಿದ್ದಲ್ಲಿ ಎರಡು ಬೂಟಿನ ನೀರು.

ಇನ್ನು ಈಸಾ. ಅಳಿಸು ಒತ್ತಿದೆ.
ಖಚಿತವೇ ಎಂದು ಕೇಳಿತು.
ಗಂಟೆ ಹನ್ನೆರಡಾಗಿತ್ತು, ಕ್ಯಾಂಟೀನಿನ ಟೀವಿಯಲ್ಲಿ
ಇವತ್ತಿನ ಊಟ ಹೊಳೆಯುತ್ತಿತ್ತು:
ಬೇಯಿಸಿದ ಆಲೂಗೆಡ್ಡೆ, ಬೆಣ್ಣೆ, ಈಸಾ ಮೀನು.
ಇಲ್ಲ ಎಂದು ಒತ್ತಿ
ಉಣ್ಣಲು ಇಳಿದೆ.