ನಾಲ್ಕು ಮಂದಿ ಹುಡುಕಿದ ಹೆಸರು

ಉಪ್ಪಳದ ಬೇಕರಿಯೊಂದರ ಮಾಳಿಗೆಯಲ್ಲಿ ನಮ್ಮ ಆಫೀಸು.
ಕೆಳಗೆ ಬನ್ನು ಬೇಯುವ ಹೊತ್ತಿಗೆ
ಮೇಲೆ ನಾವು ಪ್ರಶಸ್ತಿ ಬೇಯಿಸುತ್ತೇವೆ.

ದೂರದ ವೇದಿಕೆಯಲ್ಲಿ ಲಕೋಟೆ ಒಡೆಯುವ ಮೊದಲೇ
ಮೆಸೇಜು ಸಿದ್ಧ, ಯಾರು ಗೆದ್ದರೂ ಸರಿ:
"ಅಭಿನಂದನೆ! ಗೆದ್ದ ಸಿನೆಮಾ ನಿಮ್ಮ ಫೋನಿನಲ್ಲೇ
ನಲವತ್ತೊಂಬತ್ತು ರೂಪಾಯಿಗೆ, ನಡುರಾತ್ರಿಯವರೆಗೆ ಮಾತ್ರ."
ಗುಂಡಿ ಒತ್ತಿದರೆ
ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗೆ
ನಲವತ್ತೊಂದು ಸಾವಿರ ಕಿಸೆಗಳು ಒಮ್ಮೆಲೇ ನಡುಗುತ್ತವೆ.

ಯಾರಿಗೆ ಯಾವ ಭಾಷೆ ಎಂದರೆ ಬಿನೋಯ್ ಸಾರ್ ಹೇಳುವುದು:
ಪಿನ್ ಕೋಡ್ ನೋಡು, ಮಲಯಾಳ ಕಳಿಸು.
ಅಮ್ಮನಿಗೂ ಹಾಗೆಯೇ ಹೋಗುತ್ತದೆ.
ಬಳ್ಳಿಯಂಥ ಅಕ್ಷರ ನೋಡಿ ಅವಳು
"ಚೆಂದ ಉಂಟು, ಎಂತ ಬರೆದದ್ದು?" ಎನ್ನುತ್ತಾಳೆ.

ಹತ್ತು ಗಂಟೆಗೆ ಗೆರೆ ಏಳುತ್ತದೆ.
ನಾಯಕನ ಹೆಸರು, ನಾಯಕನ ಎತ್ತರ,
ಅತ್ತನೋ, ಯಾಕೆ ಅತ್ತ, ಯಾವ ಜಾತಿ,
ಹೆಂಡತಿಯ ಸೀರೆ, ಸೀರೆಯ ಬಣ್ಣ,
ಆ ಬಣ್ಣದ ಸೀರೆ ಅಗ್ಗಕ್ಕೆ ಎಲ್ಲಿ.
ಕ್ಲಿಕ್ಕಿಗೆ ಎರಡು ರೂಪಾಯಿ ಇದ್ದದ್ದು ಈಗ ಹನ್ನೊಂದು.
ಮಿಸ್ರಿಯಾ ಕುರ್ಚಿಯಿಂದ ಅರ್ಧ ಎದ್ದು
ಬಂಗುಡೆ ಏಲದಲ್ಲಿ ಅವಳ ಅಪ್ಪ ಕೂಗಿದ ಹಾಗೆ ಕೂಗುತ್ತಾಳೆ:
"ಸೀರೆ ಹಿಡಿ, ಸೀರೆ ಹಿಡಿ, ಸೀರೆ ಏರ್ತಾ ಉಂಟು!"

ಈ ಗದ್ದಲದ ಸಂದಿಯಲ್ಲಿ
ಶಬ್ದಗ್ರಹಣಕ್ಕೂ ಒಂದು ಪ್ರಶಸ್ತಿ ಬಂದು ಹೋಯಿತು.
ಪುರಂದರ ಕಡಂಬಾರು.
ಅವನು ಮೆಟ್ಟಿಲು ಹತ್ತಿದ್ದು ಯಾರೂ ಕಾಣಲಿಲ್ಲ,
ಕ್ಯಾಮರಾ ಆಗ ಸೀರೆಯ ಮೇಲೆ.

ಅವನ ಹೆಸರು ಎಷ್ಟು ಮಂದಿ ಹುಡುಕಿದರು? ಯಂತ್ರ ಹೇಳಿತು: ನಾಲ್ಕು.
ನಾಲ್ವರನ್ನೂ ನಾನು ಬಲ್ಲೆ.
"ಪುರಂದರನ್" ಎಂದು ಬಿದ್ದದ್ದು ಅವನ ತಾಯಿ;
ಅವರು ಬಾಯಲ್ಲಿ ಕೇಳಿದ್ದನ್ನು ಫೋನು ತನ್ನಿಷ್ಟಕ್ಕೆ ಬರೆದುಕೊಂಡಿದೆ.
ಇನಿಶಿಯಲ್ ಸಮೇತ ಹುಡುಕಿದವರು ಶಾಲೆಯ ಹೆಡ್ಮಾಸ್ಟರು,
ಬೆಳಗ್ಗೆ ಫ್ಲೆಕ್ಸ್ ಏರಬೇಕಲ್ಲ.
ಹೆಸರಿನ ಬೆನ್ನಿಗೆ "ಹೊಸ ನಂಬರ್" ಎಂದು ಸೇರಿಸಿದವನು
ಹೊಸಂಗಡಿಯ ಸೌಂಡ್ಸಿನವ, ಹಳೆಯ ಬಾಡಿಗೆ ಬಾಕಿ.
ಮತ್ತೊಂದು, ನಾನೇ.

ಎರಡು ವರ್ಷದ ಕೆಳಗೆ ನಮ್ಮ ಜಗಲಿಗೆ ಬಂದಿದ್ದ,
ಕೋಲಿನ ತುದಿಯಲ್ಲಿ ರೋಮದ ಮೈಕು.
"ಇದೆಂತ, ಬೆಕ್ಕಾ?" ಅಮ್ಮ ಕೇಳಿದಳು.
"ಮಾತಾಡಬೇಡಿ ಅಕ್ಕ, ಬೀಡಿ ಎಲೆ ಕತ್ತರಿಸಿ, ಅಷ್ಟೆ.
ನೀರು ಮುಟ್ಟಿಸದ ಎಲೆ ಆಗಬೇಕು."
ಒಣ ಎಲೆ ಒಡೆಯುತ್ತದೆ, ಕಂಪೆನಿಯವರು ತೆಗೆಯುವುದಿಲ್ಲ.
ಅಮ್ಮ ತುಂಬ ಹೊತ್ತು ಎಲೆಯನ್ನೂ ಅವನನ್ನೂ ನೋಡಿ
"ಹತ್ತು" ಎಂದಳು. "ಹತ್ತೇ ಎಲೆ."
ಸೊಳ್ಳೆ ಕಚ್ಚಿದರೂ ಹೊಡೆದುಕೊಳ್ಳಲಿಲ್ಲ.

ಸಿನೆಮಾದಲ್ಲಿ ಅದು ಕೊಲೆಗಾರನ ಹೆಜ್ಜೆ.
ಇಂಟರ್ವಲ್ ಆದಮೇಲೆ, ಕತ್ತಲು, ಹುಡುಗಿ ಒಬ್ಬಳೇ,
ಹಿಂದಿನಿಂದ ಒಣಗಿದ್ದು ಏನೋ ಮುರಿಯುತ್ತ ಬರುತ್ತದೆ.
ಕಾಸರಗೋಡಿನ ಟಾಕೀಸಿನಲ್ಲಿ ಪಕ್ಕದವರು
ಕುರ್ಚಿಯ ಕೈ ಹಿಡಿದುಕೊಂಡರು.
ನಾನು ಬಾಯಿಗೆ ಶಾಲು ಒತ್ತಿ ನಕ್ಕೆ.
ಏಳನೆಯ ಹೆಜ್ಜೆ ಸ್ವಲ್ಪ ತಡ,
ಕತ್ತರಿಯ ತಿರುಪು ಅಲ್ಲಿ ಸಡಿಲ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ
ಪಟ್ಟಿಯ ತಳದಲ್ಲಿ ಒಂದು ಪ್ರಶ್ನೆ ಮೂಡಿತು, ಕನ್ನಡದಲ್ಲಿ:
"ಆ ಹೆಜ್ಜೆ ಸದ್ದು ನಿಜಕ್ಕೂ ಎಂತದ್ದು"
ಎಂತದ್ದು ಎಂದರೆ ನಮ್ಮ ಕಡೆಯವರೇ.
ಬೆಲೆ ಸೊನ್ನೆ. ಯಾರೂ ಕೊಳ್ಳುವ ಮಾತಲ್ಲ.
ಉತ್ತರ ನನ್ನಲ್ಲಿ ಉಂಟು,
ಹಾಕಲಿಕ್ಕೆ ಗುಂಡಿ ಇಲ್ಲ.
"ಎಂತ ನೋಡ್ತಾ ಕೂತದ್ದು, ಸೀರೆ ಇಳೀತು," ಮಿಸ್ರಿಯಾ ಹೇಳಿದಳು.

ಮನೆಗೆ ಬಂದೆ. ಅಮ್ಮ ನಾಳೆಯ ಎಲೆಗೆ
ಒದ್ದೆ ಗೋಣಿ ಸುತ್ತುತ್ತಿದ್ದಳು.
ಗೆರಸೆಯ ಬದಿಯಲ್ಲಿ ಫೋನು ನಡುಗಿತು, ನಾನೇ ಕಳಿಸಿದ್ದು.
"ಮೈಕಿನ ಹುಡುಗನಿಗೆ ಪ್ರಶಸ್ತಿ ಬಂತು, ಅಮ್ಮ."

"ಹೌದಾ? ಒಳ್ಳೇದಾಯ್ತು."
ಗೋಣಿಯ ತುದಿ ಒಳಗೆ ಮಡಚಿದಳು.
"ಹತ್ತು ಎಲೆ ಅಂತ ಹೇಳಿ
ಹದಿಮೂರು ಕತ್ತರಿಸಿದ್ದಾನೆ ಅವ."